ಎಡಬಾಗಿಲೋ, ಬಲಬಾಗಿಲೋ?

ಯಕ್ಷಗಾನ ನೋಡಿದವರಿಗೆ ಭಾಗವತರ ಅಧಿಕಾರ ಎಂಥದೆಂದು ಗೊತ್ತು. ಅವರು ಪದ ಎತ್ತಿದರೆ ವೇಷಧಾರಿ ಕುಣಿಯಲೇಬೇಕು. ಅರ್ಜುನ ಕಾಡಿಗೆ ಹೊರಟನೆಂದು ಅವರು ಹಾಡಿದರೆ ಅರ್ಜುನ ಕಾಡಿಗೆ ಹೊರಡಲೇಬೇಕು. ಆದರೆ ಒಂದು ರಾತ್ರಿ ಅರ್ಜುನನ ವೇಷ ತೊಟ್ಟವನು ರಂಗಸ್ಥಳದ ನಡುವೆ ನಿಂತು, ‘ನಾನು ಹೋಗುವುದಿಲ್ಲ’ ಎಂದುಬಿಟ್ಟರೆ? ಭಾಗವತರು ಏನು ಮಾಡಬೇಕು? ಅದೇ ಪದವನ್ನು ಮತ್ತೊಮ್ಮೆ ಹಾಡಬೇಕೆ? ಗದರಬೇಕೆ? ಅಥವಾ ಅರ್ಜುನನಿಗೆ ಕಾಲುನೋವೆಂದು ಅಲ್ಲೇ ಹೊಸ ಪದ ಕಟ್ಟಿ ಪ್ರಸಂಗವನ್ನು ಹೇಗಾದರೂ ದಡ ಸೇರಿಸಬೇಕೆ?

ಇಂಥದೇ ಒಂದು ತರಲೆ ಪ್ರಶ್ನೆ ಅಮೆರಿಕದ ಒಬ್ಬ ಕಾಲೇಜು ಹುಡುಗನ ತಲೆ ಹೊಕ್ಕಿತು. ಅವನ ಹೆಸರು ಡೇವಿ ರೀಡನ್. ಓದುತ್ತಿದ್ದುದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಸಿನಿಮಾ ಕುರಿತ ವಿಷಯ. ಆದರೆ ಅವನ ಪ್ರಶ್ನೆ ಸಿನಿಮಾದ್ದಲ್ಲ, ವಿಡಿಯೊ ಗೇಮಿನದು. ದೊಡ್ಡ ದೊಡ್ಡ ಕಂಪನಿಗಳ ಆಟಗಳಲ್ಲಿ ಕಥೆ ಮೊದಲೇ ನಿಗದಿಯಾಗಿರುತ್ತದೆ. ಆಡುವವನು ಇಲ್ಲಿ ಬಲಕ್ಕೆ ತಿರುಗುತ್ತಾನೆ, ಅಲ್ಲಿ ಗುಂಡು ಹಾರಿಸುತ್ತಾನೆ, ಕೊನೆಗೆ ಲೋಕವನ್ನು ಉಳಿಸುತ್ತಾನೆ ಎಂದು ಆಟ ಕಟ್ಟಿದವರು ಭಾವಿಸಿಕೊಂಡಿರುತ್ತಾರೆ. ‘ನಾನು ಅವರ ಮಾತು ಕೇಳದಿದ್ದರೆ ಕಥೆಯ ಗತಿ ಏನು?’ ಎಂಬುದು ಡೇವಿಯ ಕುತೂಹಲ.

ಇಂಥ ಕುತೂಹಲ ಅನೇಕರಿಗೆ ಬಂದಿರಬಹುದು. ಡೇವಿ ಅದನ್ನು ಆಡಿ ತೋರಿಸುವಂತೆ ಕಟ್ಟಿದ. ಅವನ ಬಳಿ ಹಣವಿರಲಿಲ್ಲ, ಕಂಪನಿ ಇರಲಿಲ್ಲ, ಆಟ ಕಟ್ಟಿದ ಅನುಭವವೂ ಇರಲಿಲ್ಲ. ಇದ್ದದ್ದು ‘ಮಾಡ್’ ಎಂಬ ಒಂದು ದಾರಿ.

ಬೇರೆಯವರ ಮನೆ, ನಮ್ಮ ಸಂಸಾರ

‘ಮಾಡಿಫಿಕೇಷನ್’ ಎಂಬ ಪದದ ಮೊಟಕು ರೂಪವೇ ಮಾಡ್. ಅಂದರೆ, ಈಗಾಗಲೇ ಮಾರುಕಟ್ಟೆಯಲ್ಲಿರುವ ಒಂದು ಆಟವನ್ನು ಅದರ ಅಭಿಮಾನಿಗಳೇ ತಿದ್ದಿ ತೀಡಿ ಬೇರೆಯದೇ ಆಟ ಮಾಡುವುದು. ಯಾರೋ ಕಟ್ಟಿಸಿದ ಮನೆಯ ಗೋಡೆ, ಛಾವಣಿ, ನೀರು, ವಿದ್ಯುತ್ತು ಎಲ್ಲವನ್ನೂ ಹಾಗೇ ಉಳಿಸಿಕೊಂಡು ಒಳಗೆ ಹೊಸ ಸಂಸಾರ ಹೂಡಿದಂತೆ ಇದು. ಬೆಳಕು ಗೋಡೆಯ ಮೇಲೆ ಹೇಗೆ ಬೀಳಬೇಕು, ಮೇಲಿಂದ ಬಿದ್ದ ಪೆಟ್ಟಿಗೆ ಹೇಗೆ ಉರುಳಬೇಕು, ಬಾಗಿಲು ತೆರೆದಾಗ ಏನಾಗಬೇಕು ಎಂಬ ಲೆಕ್ಕಾಚಾರವನ್ನೆಲ್ಲ ಮಾಡುವ ತಂತ್ರಾಂಶಕ್ಕೆ ‘ಎಂಜಿನ್’ ಎನ್ನುತ್ತಾರೆ. ಅದನ್ನು ಹೊಸದಾಗಿ ಬರೆಯಲು ಪಳಗಿದ ತಂತ್ರಜ್ಞರಿಗೂ ವರ್ಷಗಳೇ ಬೇಕು. ಮಾಡ್ ಮಾಡುವ ಹುಡುಗನಿಗೆ ಆ ಹೊರೆ ಇಲ್ಲ. ಕಥೆ, ಕೋಣೆ, ಚಿತ್ರ, ಧ್ವನಿ ಇವಿಷ್ಟನ್ನು ಬದಲಿಸಿದರೆ ಸಾಕು. ‘ಇವಿಷ್ಟು’ ಎಂದು ಬರೆಯುವುದು ಸುಲಭ, ಮಾಡುವುದಲ್ಲ. ಆ ಮಾತು ಮುಂದೆ ಬರುತ್ತದೆ.

ಈ ಪದ್ಧತಿಗೆ ದೊಡ್ಡ ಚಾಲನೆ ಸಿಕ್ಕಿದ್ದು 1993ರಲ್ಲಿ. ಆ ವರ್ಷ ಬಂದ ‘ಡೂಮ್’ ಎಂಬ ಆಟದಲ್ಲಿ ಎಂಜಿನ್ನನ್ನೂ ಅದು ಬಳಸುವ ಚಿತ್ರ, ನಕ್ಷೆ, ಸದ್ದುಗಳನ್ನೂ ಬೇರೆ ಬೇರೆ ಕಡತಗಳಲ್ಲಿ ಇಟ್ಟಿದ್ದರು. ಅಭಿಮಾನಿಗಳು ತಮ್ಮದೇ ನಕ್ಷೆಗಳನ್ನು ಅದರೊಳಗೆ ತೂರಿಸಲು ಬಾಗಿಲು ತೆರೆದಂತಾಯಿತು. 1998ರಲ್ಲಿ ವಾಲ್ವ್ ಎಂಬ ಕಂಪನಿ ‘ಹಾಫ್-ಲೈಫ್’ ಆಟವನ್ನು ಹೊರತಂದಿತು. ಮರುವರ್ಷವೇ ಕೆನಡಾದ ಒಬ್ಬ, ಅಮೆರಿಕದ ಒಬ್ಬ, ಹೀಗೆ ಇಬ್ಬರು ವಿದ್ಯಾರ್ಥಿಗಳು ಸೇರಿ ಅದರ ಮೇಲೊಂದು ಮಾಡ್ ಕಟ್ಟಿದರು. ಅದೇ ‘ಕೌಂಟರ್-ಸ್ಟ್ರೈಕ್’. ಎರಡು ಸಾವಿರದ ದಶಕದ ಆರಂಭದಲ್ಲಿ ಬೆಂಗಳೂರಿನ ಸೈಬರ್ ಕೆಫೆಗಳಲ್ಲೂ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲೂ ಓದಿದವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಇಂದು ತಂದೆತಾಯಿಯರಾಗಿರುವ ಕೆಲವರಾದರೂ ಈ ಸಾಲು ಓದಿ ಒಳಗೊಳಗೇ ನಕ್ಕಾರು! ನಮ್ಮ ಮಕ್ಕಳ ಬಾಯಲ್ಲಿ ಮೊನ್ನೆಮೊನ್ನೆಯವರೆಗೂ ಕುಣಿಯುತ್ತಿದ್ದ ‘ಪಬ್‌ಜಿ’ಯ ಬೇರೂ ಮಾಡ್‌ನಲ್ಲೇ ಇದೆ. ಅದನ್ನು ರೂಪಿಸಿದ ಐರ್ಲೆಂಡಿನ ಬ್ರೆಂಡನ್ ಗ್ರೀನ್ ಮೊದಲು ಕೈಹಾಕಿದ್ದು ಬೇರೊಬ್ಬರ ಆಟವನ್ನು ತಿದ್ದುವ ಹವ್ಯಾಸಕ್ಕೆ.

ಇವೆಲ್ಲ ಗುಂಡು ಹಾರಿಸುವ ಆಟಗಳಾದವು. ಡೇವಿಯ ಕೈಯಲ್ಲಿ ಆದದ್ದೇ ಬೇರೆ.

427ನೇ ನೌಕರ

2004ರಲ್ಲಿ ಬಂದ ‘ಹಾಫ್-ಲೈಫ್ 2’ ಆಟದ ಎಂಜಿನ್ನಿಗೆ ‘ಸೋರ್ಸ್’ ಎಂದು ಹೆಸರು. ಅದರಲ್ಲಿ ಕೋಣೆ, ಹಜಾರ, ಮೆಟ್ಟಿಲುಗಳನ್ನು ಕಟ್ಟುವ ‘ಹ್ಯಾಮರ್’ ಎಂಬ ಉಪಕರಣವನ್ನು ಕಂಪನಿಯೇ ಆಟಗಾರರಿಗೆ ಕೊಟ್ಟಿತ್ತು. ಡೇವಿಗೆ ಅದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ಇತರ ಹವ್ಯಾಸಿಗಳು ಅಂತರ್ಜಾಲದಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ಓದಿ, ತಪ್ಪು ಮಾಡಿ, ಮತ್ತೆ ಓದಿ, ತಾನೇ ಕಲಿತ. ಆಲೋಚನೆ ಮೊಳೆತದ್ದರಿಂದ ಹಿಡಿದು ಆಟ ಹೊರಬರುವವರೆಗೆ ಸುಮಾರು ಮೂರು ವರ್ಷ ಹಿಡಿಯಿತು. ಆಟದ ಉದ್ದಕ್ಕೂ ಕೇಳುವ ನಿರೂಪಕನ ಧ್ವನಿಗಾಗಿ ಕೆವನ್ ಬ್ರೈಟಿಂಗ್ ಎಂಬ ಬ್ರಿಟಿಷ್ ಕಲಾವಿದ ಸಿಕ್ಕರು. ಗಂಭೀರವಾದ, ತುಸು ತುಂಟತನ ಬೆರೆತ ಆ ಧ್ವನಿಯೇ ಆಟದ ಅರ್ಧ ಜೀವ.

2011ರ ಜುಲೈ ತಿಂಗಳಲ್ಲಿ ‘ದ ಸ್ಟ್ಯಾನ್ಲಿ ಪ್ಯಾರಬಲ್’ ಎಂಬ ಈ ಮಾಡ್ ಉಚಿತವಾಗಿ ಹೊರಬಂತು. ಆಗ ಡೇವಿಗೆ 22 ವರ್ಷ. ಸ್ಟ್ಯಾನ್ಲಿಯ ನೀತಿಕಥೆ ಎಂದು ಕನ್ನಡದಲ್ಲಿ ಹೇಳಬಹುದು.

ಕಥೆ ಇಷ್ಟೆ. ಸ್ಟ್ಯಾನ್ಲಿ ಒಂದು ದೊಡ್ಡ ಕಚೇರಿಯ 427ನೇ ನಂಬರಿನ ನೌಕರ. ಪರದೆಯ ಮೇಲೆ ಯಾವ ಗುಂಡಿ ಒತ್ತಬೇಕೆಂದು ಬರುತ್ತದೆ, ಅವನು ಒತ್ತುತ್ತಾನೆ. ಎಷ್ಟು ಹೊತ್ತು ಒತ್ತಬೇಕೆಂಬುದೂ ಅಲ್ಲೇ ಬರುತ್ತದೆ. ದಿನವೂ ಇದೇ ಕೆಲಸ, ಅವನಿಗೆ ಅದರಲ್ಲಿ ಬೇಸರವೂ ಇಲ್ಲ. ಒಂದು ದಿನ ಅಪ್ಪಣೆ ಬರುವುದು ನಿಂತುಹೋಗುತ್ತದೆ. ಎದ್ದು ನೋಡಿದರೆ ಕಚೇರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ! ಹುಡುಕುತ್ತಾ ಹೊರಟವನಿಗೆ ಎದುರಾಗುವುದು ಅಕ್ಕಪಕ್ಕದಲ್ಲಿರುವ ಎರಡು ಬಾಗಿಲುಗಳು. ಎರಡೂ ತೆರೆದಿವೆ. ಆಗ ನಿರೂಪಕನ ಧ್ವನಿ, ಸ್ಟ್ಯಾನ್ಲಿ ಎಡಬಾಗಿಲಿನಿಂದ ಹೋದನೆಂದು ಆಗಿಹೋದ ಸಂಗತಿಯಂತೆ ಹೇಳಿಬಿಡುತ್ತದೆ. ಆದರೆ ನೀವಿನ್ನೂ ಹೋಗಿಲ್ಲ, ಬಾಗಿಲ ಮುಂದೆ ನಿಂತಿದ್ದೀರಿ!

ಎಡಕ್ಕೆ ಹೋದರೆ ಎಲ್ಲವೂ ಸುಸೂತ್ರ. ಧ್ವನಿ ಹೇಳಿದಂತೆ ಮೆಟ್ಟಿಲು ಹತ್ತಿ, ಹೇಳಿದಂತೆ ಸಾಹೇಬರ ಕೋಣೆ ಹೊಕ್ಕು, ಹೇಳಿದ ಸಂಖ್ಯೆಯನ್ನು ಒತ್ತಿದರೆ ನೌಕರರ ಮನಸ್ಸನ್ನು ನಿಯಂತ್ರಿಸುವ ದೊಡ್ಡ ಯಂತ್ರವೊಂದು ಸಿಗುತ್ತದೆ. ಅದನ್ನು ಆರಿಸಿದರೆ ದೊಡ್ಡ ಬಾಗಿಲು ತೆರೆದು, ಹೊರಗೆ ಹಸಿರು, ಬಿಸಿಲು. ಸ್ಟ್ಯಾನ್ಲಿ ಸ್ವತಂತ್ರನಾದ! ಇದರ ವ್ಯಂಗ್ಯ ಆಟಗಾರನಿಗೆ ಹೊಳೆಯಲು ಒಂದು ನಿಮಿಷ ಬೇಕಾಗುತ್ತದೆ. ಈ ‘ಸ್ವಾತಂತ್ರ್ಯ’ ದೊರಕಿದ್ದು ಒಂದೇ ಒಂದು ಮಾತನ್ನೂ ಮೀರದೆ ನಡೆದುಕೊಂಡದ್ದಕ್ಕೆ.

ಬಲಕ್ಕೆ ಹೋದರೆ? ನಿರೂಪಕ ಮೊದಲು ಸಾವರಿಸಿಕೊಂಡು, ಸ್ಟ್ಯಾನ್ಲಿ ಬೇಕೆಂದೇ ಈ ಕಡೆ ಬಂದನೆಂದು ಕಥೆಗೆ ತೇಪೆ ಹಾಕುತ್ತಾನೆ. ಮತ್ತೂ ಮೀರಿದರೆ ಪುಸಲಾಯಿಸುತ್ತಾನೆ, ಹಂಗಿಸುತ್ತಾನೆ, ಬೇಡಿಕೊಳ್ಳುತ್ತಾನೆ. ದಾರಿಯಲ್ಲಿ ಕಸಪೊರಕೆ ಇಡುವ ಸಣ್ಣ ಕೋಣೆಯೊಂದಿದೆ. ಅಲ್ಲಿ ಏನೂ ಇಲ್ಲ. ಆದರೂ ನೀವು ಒಳಗೆ ಹೋಗಿ ಸುಮ್ಮನೆ ನಿಂತರೆ ಅವನಿಗೆ ತಾಳ್ಮೆ ಕೆಡುತ್ತದೆ. ಆಡುತ್ತಿರುವವರು ಸತ್ತೇಹೋದರೆಂದು ತೀರ್ಮಾನಿಸಿ, ಬೇರೆ ಯಾರನ್ನಾದರೂ ಕರೆದು ಕೂರಿಸಿರೆಂದು ಕೇಳುತ್ತಾನೆ. ಒಂದು ಹಂತದಲ್ಲಿ ಕಥೆ ಎತ್ತ ಹೋಯಿತೆಂದು ನಿರೂಪಕನಿಗೇ ತಿಳಿಯದೆ, ನೆಲದ ಮೇಲೆ ಹಳದಿ ಗೆರೆಯೊಂದನ್ನು ಎಳೆದು, ಇದನ್ನು ಹಿಂಬಾಲಿಸೋಣ ಎನ್ನುತ್ತಾನೆ. ಆ ಗೆರೆಯೂ ಗೋಡೆ ಹತ್ತಿ, ಸುತ್ತಿ ಬಳಸಿ ದಾರಿ ತಪ್ಪುತ್ತದೆ. ಪ್ರತಿ ದಾರಿಗೂ ಒಂದೊಂದು ಅಂತ್ಯ. ಅಂತ್ಯವಾದೊಡನೆ ಸ್ಟ್ಯಾನ್ಲಿ ಮತ್ತೆ ತನ್ನ ಕೋಣೆಯಲ್ಲಿ, ಅದೇ ಕುರ್ಚಿಯ ಬಳಿ. (ಇದನ್ನು ಯಾರಾದರೂ ಕನ್ನಡಕ್ಕೆ ತರುವುದಾದರೆ ನಿರೂಪಕನ ಪಾತ್ರಕ್ಕೆ ಸಿನಿಮಾ ನಟರನ್ನು ಹುಡುಕುವುದು ಬೇಡ. ಮಾತಿಗೆ ಮಾತು ಪೋಣಿಸುವ ತಾಳಮದ್ದಳೆಯ ಅರ್ಥಧಾರಿಯೊಬ್ಬರನ್ನು ಕರೆತಂದರೆ ಸಾಕು.)

ಕೋವಿ ಇಲ್ಲ, ಅಂಕಗಳಿಲ್ಲ, ಸೋಲು ಗೆಲುವಿಲ್ಲ. ಹೆಸರಾಂತ ಕಂಪನಿಯ ಮುಂದೆ ಯಾರಾದರೂ ಈ ಯೋಜನೆ ಇಟ್ಟಿದ್ದರೆ, ‘ಇದನ್ನು ಯಾರು ಆಡುತ್ತಾರಪ್ಪ?’ ಎಂದು ಸಾಗಹಾಕುತ್ತಿದ್ದರೋ ಏನೋ. ಉಚಿತ ಮಾಡ್ ಆದ್ದರಿಂದ ಡೇವಿ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಮಾಡ್ ಎಂಬ ಹವ್ಯಾಸದ ನಿಜವಾದ ಬೆಲೆ ಇರುವುದು ಇಲ್ಲೇ ಎಂದು ನನಗೆ ತೋರುತ್ತದೆ. ಕೆಲವರಾದರೂ ಆಡಿದರೆ ಸಾಕು, ಕೆಲಸ ಹುಡುಕುವಾಗ ತೋರಿಸಲು ಒಂದು ಮಾದರಿಯಾಯಿತು ಎಂಬುದಷ್ಟೇ ಅವನ ನಿರೀಕ್ಷೆ. ಎರಡು ವಾರಗಳಲ್ಲಿ 90,000ಕ್ಕೂ ಹೆಚ್ಚು ಜನ ಅದನ್ನು ಇಳಿಸಿಕೊಂಡರು! ದೊಡ್ಡ ಕಂಪನಿಗಳಿಂದ ಕೆಲಸದ ಕರೆಗಳೂ ಬಂದವು.

ಈಗ ಬಾಗಿಲೆರಡರ ಮುಂದೆ ನಿಂತವನು ಸ್ಟ್ಯಾನ್ಲಿಯಲ್ಲ, ಸ್ವತಃ ಡೇವಿ. ಸಂಬಳ ಬರುವ ಕೆಲಸವೇ, ಅಥವಾ ಇದೇ ಆಟವನ್ನು ಇನ್ನೂ ಚೆನ್ನಾಗಿ ಕಟ್ಟುವುದೇ? ಅವನು ಕೆಲಸ ಬೇಡವೆಂದ. ಆ ಹೊತ್ತಿಗೆ ಅವನ ಜೊತೆಗೆ ಇನ್ನೊಬ್ಬ ಬಂದಿದ್ದ.

ವಿಲಿಯಂ ಬಂದದ್ದು

ಮೊದಲ ಆಟದಲ್ಲಿ ಮಾತು ಚೆನ್ನಾಗಿತ್ತು, ನೋಟ ಸಾಧಾರಣವಾಗಿತ್ತು. ಕಚೇರಿಯ ಕುರ್ಚಿ, ಮೇಜು, ಗೋಡೆಗಳಲ್ಲಿ ಬಹುಪಾಲು ‘ಹಾಫ್-ಲೈಫ್ 2’ರಿಂದ ಎರವಲು ತಂದವು. ಡೇವಿ ಬರವಣಿಗೆಯ ಮನುಷ್ಯ. ಬೆಳಕು, ಬಣ್ಣ, ಜಾಗದ ಅಳತೆ ಅವನ ಕೈಗೆ ಅಷ್ಟಾಗಿ ಹತ್ತಿರಲಿಲ್ಲ. ಇಂಗ್ಲೆಂಡಿನ ವಿಲಿಯಂ ಪ್ಯೂ ಡೇವಿಗಿಂತ ಕಿರಿಯ. ಸೋರ್ಸ್ ಎಂಜಿನ್ನಿನಲ್ಲಿ ದೃಶ್ಯ ಕಟ್ಟುವುದನ್ನು ಅವನೂ ಹವ್ಯಾಸವಾಗಿಯೇ ಕಲಿತು ಪಳಗಿದ್ದ. ಸ್ಟ್ಯಾನ್ಲಿಯ ಆಟವನ್ನು ಆಡಿ ಮೆಚ್ಚಿಕೊಂಡವನು, ಅದರ ನೋಟವನ್ನು ಸುಧಾರಿಸಲು ಡೇವಿಯೊಡನೆ ಕೈಜೋಡಿಸಿದ. ಒಬ್ಬ ಅಟ್ಲಾಂಟಿಕ್ ಸಾಗರದ ಈಚೆ, ಇನ್ನೊಬ್ಬ ಆಚೆ. ಒಬ್ಬನಿಗೆ ಬೆಳಗಾದಾಗ ಇನ್ನೊಬ್ಬನಿಗೆ ಮಧ್ಯಾಹ್ನ ಕಳೆದಿರುತ್ತಿತ್ತು.

ಜೊತೆಗೂಡಿ ಕೆಲಸ ಮಾಡುವವರು ಸಾಮಾನ್ಯವಾಗಿ ಒಂದೇ ಬಗೆಯವರನ್ನು ಹುಡುಕುತ್ತಾರೆ. ನಮ್ಮ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ತಂಡ ಕಟ್ಟುವುದನ್ನು ನೋಡಿ! ಒಂದೇ ಬೆಂಚಿನವರು, ಒಂದೇ ಬಸ್ಸಿನವರು, ಒಂದೇ ಮಟ್ಟದ ಅಂಕದವರು. ಕೊನೆಗೆ ನಾಲ್ವರಿಗೂ ಪ್ರೋಗ್ರಾಂ ಬರೆಯಲು ಬರುತ್ತದೆ, ವರದಿ ಬರೆಯಲು ಒಬ್ಬರಿಗೂ ಬರುವುದಿಲ್ಲ. ಡೇವಿ ಮತ್ತು ವಿಲಿಯಂ ಜೋಡಿ ಫಲಿಸಿದ್ದು ಒಬ್ಬನಲ್ಲಿ ಇಲ್ಲದ್ದು ಇನ್ನೊಬ್ಬನಲ್ಲಿ ಇದ್ದುದರಿಂದ. ಹಾಗೆಂದು ಗೆರೆ ಕೊರೆದು, ಇದು ನಿನ್ನದು, ಇದು ನನ್ನದು ಎಂದು ಕೂರಲೂ ಇಲ್ಲ. ಕೋಣೆ ಕಟ್ಟುವ ವಿಲಿಯಂಗೆ ಹಾಸ್ಯವೂ ಗೊತ್ತಿತ್ತು. ಈ ಆಟದಲ್ಲಿ ಹಾಸ್ಯ ಇರುವುದು ಮಾತಿನಲ್ಲಿ ಮಾತ್ರವಲ್ಲ, ಬಾಗಿಲು ಎಲ್ಲಿದೆ, ಹಜಾರ ಎಷ್ಟು ಉದ್ದ, ತಿರುವಿನಾಚೆ ಏನು ಕಾಣುತ್ತದೆ ಎಂಬುದರಲ್ಲೂ ಇದೆ.

ಮೊದಲಿಗೆ ಹಳೆಯ ಆಟವನ್ನೇ ಇದ್ದಕ್ಕಿದ್ದಂತೆ ಹೊಸ ಬಣ್ಣದಲ್ಲಿ ಮತ್ತೆ ಕಟ್ಟುವುದೆಂದು ಇಬ್ಬರೂ ಅಂದುಕೊಂಡಿದ್ದರು. ಕೆಲಸ ಸಾಗಿದಂತೆ ಅದರಲ್ಲಿ ಹುರುಪಿಲ್ಲವೆನಿಸಿತು. ಹಳೆಯ ದಾರಿಗಳನ್ನು ತಿರುಚಿದರು, ಹೊಸ ಅಂತ್ಯಗಳನ್ನು ಸೇರಿಸಿದರು. ಕೆಲವೇ ತಿಂಗಳಲ್ಲಿ ಮುಗಿಯುವಂತಿದ್ದ ದುರಸ್ತಿ ಕೆಲಸ ಸುಮಾರು ಎರಡು ವರ್ಷ ನುಂಗಿತು. ಹಣಕ್ಕೆ ಮಾರುವ ಆಟವಾದ್ದರಿಂದ ಉಚಿತ ಮಾಡ್‌ಗೆ ಸಾಲುತ್ತಿದ್ದ ಸಲಿಗೆ ಇಲ್ಲಿ ಸಾಲದು. ಎಂಜಿನ್ನಿನ ಒಡೆಯರಾದ ವಾಲ್ವ್ ಕಂಪನಿಯ ಒಪ್ಪಿಗೆಯೂ ಬೇಕು. ಮಾಡ್ ಮಾಡಲು ಹೊರಡುವ ವಿದ್ಯಾರ್ಥಿಗಳು ಈ ವಿಷಯವನ್ನು ಮೊದಲೇ ತಿಳಿದಿರಬೇಕು. ಎಲ್ಲ ಕಂಪನಿಗಳೂ ವಾಲ್ವ್‌ನಂತೆ ಬಾಗಿಲು ತೆರೆದಿಡುವುದಿಲ್ಲ. 2016ರಲ್ಲಿ ಅಭಿಮಾನಿಯೊಬ್ಬ ವರ್ಷಗಳ ಕಾಲ ದುಡಿದು ‘ಮೆಟ್ರಾಯ್ಡ್’ ಸರಣಿಯ ಹಳೆಯ ಆಟವೊಂದನ್ನು ಹೊಸದಾಗಿ ಕಟ್ಟಿ ಉಚಿತವಾಗಿ ಹಂಚಿದಾಗ, ಒಡೆತನ ಹೊಂದಿದ್ದ ಜಪಾನಿನ ನಿಂಟೆಂಡೊ ಕಂಪನಿ ಕೆಲವೇ ದಿನಗಳಲ್ಲಿ ಅದನ್ನು ತೆಗೆಸಿತು.

2013ರ ಅಕ್ಟೋಬರ್ 17ರಂದು ಇಬ್ಬರ ‘ಸ್ಟ್ಯಾನ್ಲಿ’ ಮಾರುಕಟ್ಟೆಗೆ ಬಂತು. ಮೂರು ದಿನಗಳಲ್ಲಿ ಒಂದು ಲಕ್ಷ ಪ್ರತಿ ಮಾರಾಟವಾಯಿತು, ಒಂದು ವರ್ಷದೊಳಗೆ ಹತ್ತು ಲಕ್ಷ! ಆಟದೊಳಗಿನ ಒಂದು ತಮಾಷೆಯ ಚಿತ್ರತುಣುಕಿನಲ್ಲಿ ಬರುವ ಚಿತ್ರಗಳು ಜನಾಂಗೀಯವಾಗಿ ನೋಯಿಸುತ್ತವೆಂದು ಕೆಲವು ಆಟಗಾರರು ಆಕ್ಷೇಪಿಸಿದರು. ಡೇವಿ ವಾದಕ್ಕಿಳಿಯದೆ ಅವನ್ನು ಬದಲಿಸಲು ಒಪ್ಪಿಕೊಂಡ. ಹತ್ತಾರು ವರ್ಷಗಳ ಅನುಭವಿಗಳಿಗೂ ಸುಲಭವಾಗಿ ಬಾರದ ಗುಣ ಇದು.

ಗೆದ್ದವನ ಸಂಕಟ

ಇಂಥ ಲೇಖನಗಳು ಸಾಮಾನ್ಯವಾಗಿ ಹತ್ತು ಲಕ್ಷದ ಲೆಕ್ಕ ಹೇಳಿ ಮುಗಿದುಬಿಡುತ್ತವೆ. ಓದಿದ ಅಪ್ಪ ಮಗನಿಗೆ ತೋರಿಸುತ್ತಾನೆ, ಅಥವಾ ಮಗ ಅಪ್ಪನಿಗೆ ತೋರಿಸುತ್ತಾನೆ. ಆದರೆ ಡೇವಿಯ ವಿಚಾರದಲ್ಲಿ ಮುಂದಿನ ಭಾಗವನ್ನು ಹೇಳದಿದ್ದರೆ ಅನ್ಯಾಯವಾದೀತು.

ಆ ವರ್ಷದ ಕೊನೆಗೆ ಪತ್ರಿಕೆಗಳು, ಸಂಘಸಂಸ್ಥೆಗಳು ವರ್ಷದ ಅತ್ಯುತ್ತಮ ಆಟಗಳ ಪಟ್ಟಿಗಳನ್ನು ಪ್ರಕಟಿಸತೊಡಗಿದವು. ಪಟ್ಟಿಯ ಮೇಲೆ ಪಟ್ಟಿಯಲ್ಲಿ ‘ಸ್ಟ್ಯಾನ್ಲಿ’ಯ ಹೆಸರು. ಹೊರಗೆ ಹಾರತುರಾಯಿ ನಡೆದಿರುವಾಗಲೇ ಡೇವಿ ಖಿನ್ನತೆಗೆ ಜಾರಿದ್ದ. ಅಪರಿಚಿತರ ಮೆಚ್ಚುಗೆಯನ್ನೇ ಊಟದಂತೆ ನೆಚ್ಚಿಕೊಂಡರೆ ಅದು ಎಷ್ಟು ಬಂದರೂ ಸಾಲದಾಗುತ್ತದೆ ಎಂಬುದನ್ನು 2014ರಲ್ಲಿ ಅವನೇ ಚಿತ್ರ ಸಮೇತ ಬಿಚ್ಚಿ ಬರೆದ. ಕೆಲಸ ಮಾಡುವಾಗಿನ ಸುಖ ಬೇರೆ, ಹೊಗಳಿಕೆಯ ಸುಖ ಬೇರೆ. ಎರಡನ್ನೂ ಒಂದೇ ಎಂದುಕೊಂಡವನಿಗೆ ಕಾದಿರುವ ಪೆಟ್ಟು ಅದು. ನೂರಕ್ಕೆ ತೊಂಬತ್ತೆಂಟು ಅಂಕ ತೆಗೆದ ಮಾರನೆಯ ದಿನ ಮಂಕಾಗಿ ಕುಳಿತ ಮಕ್ಕಳನ್ನು ಕಂಡ ತಾಯಂದಿರಿಗೆ ಇದು ತೀರ ಅಪರಿಚಿತವೇನಲ್ಲ.

2015ರಲ್ಲಿ ಡೇವಿ ಹೊರತಂದ ‘ದ ಬಿಗಿನರ್ಸ್ ಗೈಡ್’ ಎಂಬ ಆಟ ಈ ಸಂಕಟದ ಸುತ್ತಲೇ ಸುಳಿಯುತ್ತದೆ. ಅದೂ ಇಬ್ಬರು ಗೆಳೆಯರ ಕಥೆಯೇ. ಒಬ್ಬ ತನಗಾಗಿ ಮಾತ್ರ ಆಟಗಳನ್ನು ಕಟ್ಟುತ್ತಾನೆ. ಇನ್ನೊಬ್ಬ ಅವನ್ನು ಎಲ್ಲರಿಗೂ ತೋರಿಸಿ ಆ ಮೆಚ್ಚುಗೆಯಲ್ಲಿ ತಾನು ಬೆಚ್ಚಗಾಗಲು ನೋಡುತ್ತಾನೆ. ಗೆಳೆತನ ಮುರಿಯುತ್ತದೆ. ಇದು ಕಲ್ಪಿತ ಕಥೆ, ಡೇವಿ ಮತ್ತು ವಿಲಿಯಂ ಕಥೆಯಲ್ಲ. ಆ ಹೊತ್ತಿಗೆ ಇವರಿಬ್ಬರೂ ಬೇರೆ ಬೇರೆ ಕೆಲಸ ಹಿಡಿದಿದ್ದರು ನಿಜ. ವಿಲಿಯಂ ‘ಕ್ರೋಸ್ ಕ್ರೋಸ್ ಕ್ರೋಸ್’ ಎಂಬ ಕಾಗೆಗಳ ಹೆಸರಿನ ತನ್ನದೇ ಸಂಸ್ಥೆ ಕಟ್ಟಿ ಚಿಕ್ಕ ಚಿಕ್ಕ ಹಾಸ್ಯದ ಆಟಗಳನ್ನು ಮಾಡುತ್ತಿದ್ದ. ಆದರೆ ಮುರಿದುಕೊಂಡಿರಲಿಲ್ಲ. ಸ್ಟ್ಯಾನ್ಲಿಯನ್ನು ಹಿಗ್ಗಿಸಿ ಹೊಸ ರೂಪ ಕೊಡಲು ಮತ್ತೆ ಜೊತೆಯಾದರು. 2019ಕ್ಕೆ ಬರುತ್ತದೆಂದು ಪ್ರಕಟಿಸಿದ್ದ ‘ಅಲ್ಟ್ರಾ ಡಿಲಕ್ಸ್’ ಆವೃತ್ತಿ, ಮುಂದಕ್ಕೆ ಮುಂದಕ್ಕೆ ಹೋಗಿ, ಬಂದದ್ದು 2022ರ ಏಪ್ರಿಲ್ 27ರಂದು. ಕಟ್ಟಿದವರು ತಮ್ಮ ಗೆಲುವನ್ನೇ ಅದರಲ್ಲಿ ಗೇಲಿ ಮಾಡಿಕೊಂಡಿದ್ದಾರೆ. ಹಳೆಯ ಹೊಗಳಿಕೆಗಳನ್ನೆಲ್ಲ ಜೋಡಿಸಿಟ್ಟ ಒಂದು ವಸ್ತುಸಂಗ್ರಹಾಲಯ, ಅದರೊಳಗೆ ಹೆಮ್ಮೆಯಿಂದ ತಿರುಗಾಡುವ ನಿರೂಪಕ, ಮೂಲೆಯಲ್ಲಿ ರಾಶಿಬಿದ್ದ ಬೈಗುಳಗಳು!

2025ರ ಮಾರ್ಚಿನಲ್ಲಿ ಬಂದ ಡೇವಿಯ ‘ವಾಂಡರ್‌ಸ್ಟಾಪ್’ ಬೇರೊಂದು ತಂಡದ ಜೊತೆ ಮಾಡಿದ್ದು. ಅದರಲ್ಲಿ ಆಲ್ಟಾ ಎಂಬ ಹೋರಾಟಗಾರ್ತಿ ಗೆದ್ದು ಗೆದ್ದು, ಒಮ್ಮೆ ಸೋತು, ಮೈಮನಸ್ಸು ದಣಿದು ಕತ್ತಿ ಎತ್ತಲಾರದೆ ಕಾಡಿನ ನಡುವಿನ ಚಹಾದ ಅಂಗಡಿಗೆ ಬಂದು ಸೇರುತ್ತಾಳೆ. ಅಲ್ಲಿ ಅವಳಿಗೆ ಮಾಡಲು ಇರುವುದು ಚಹಾ ಕಾಯಿಸಿ ಬಂದವರಿಗೆ ಕೊಡುವ ಕೆಲಸ.

ಮನೆಯಲ್ಲಿ ಕೇಳುವ ಎರಡು ಪ್ರಶ್ನೆ

‘ನಮ್ಮ ಹುಡುಗನೂ ದಿನಕ್ಕೆ ನಾಲ್ಕು ಗಂಟೆ ಗೇಮ್ ಆಡುತ್ತಾನೆ, ಹಾಗಾದರೆ ಬಿಟ್ಟುಬಿಡಬೇಕೆ?’ ಎಂದು ಪೋಷಕರು ಕೇಳಬಹುದು. ಆಡುವುದು ಬೇರೆ, ಕಟ್ಟುವುದು ಬೇರೆ. ನಾಲ್ಕು ಗಂಟೆಯಲ್ಲಿ ಒಂದು ಗಂಟೆಯಾದರೂ ಆಟದ ಒಳಗನ್ನು ಬಿಚ್ಚಿ ನೋಡುವುದಕ್ಕೆ ಹೋಗುತ್ತಿದೆಯೆ ಎಂದು ವಿಚಾರಿಸಿ. ಅವನು ಉತ್ಸಾಹದಿಂದ ತೋರಿಸಲು ಕರೆದರೆ ಪಕ್ಕದಲ್ಲಿ ಕುಳಿತು ನೋಡಿ. ತೋರಿಸಲು ಏನೂ ಇಲ್ಲದಿದ್ದರೆ ಅದೂ ಉತ್ತರವೇ.

‘ನನಗೂ ಮಾಡಬೇಕೆಂದಿದೆ, ಎಲ್ಲಿಂದ ಶುರುಮಾಡಲಿ?’ ಎಂಬುದು ವಿದ್ಯಾರ್ಥಿಯ ಪ್ರಶ್ನೆ. ನೀವು ಚೆನ್ನಾಗಿ ಬಲ್ಲ ಆಟದಿಂದ. ಮೈನ್‌ಕ್ರಾಫ್ಟ್ ಆಡುವವರು ಅದರ ಜಾವಾ ಆವೃತ್ತಿಯಲ್ಲಿ ಕೈಯಾಡಿಸಬಹುದು. ಕಾಲೇಜಿನಲ್ಲಿ ಕಲಿಯುವ ಜಾವಾ ಭಾಷೆಯೇ ಅಲ್ಲಿ ಕೆಲಸಕ್ಕೆ ಬರುತ್ತದೆ. ಸ್ವಂತ ಆಟವೇ ಬೇಕೆಂದರೆ ಗೊಡೊ ಎಂಬ ಎಂಜಿನ್ ಪೂರ್ತಿ ಉಚಿತ. ಮೊದಲು ಒಂದೇ ಒಂದು ಕೋಣೆ ಕಟ್ಟಿ. ಒಂದು ಬಾಗಿಲು, ಅದನ್ನು ತೆರೆದಾಗ ಒಂದು ಸದ್ದು. ಅಷ್ಟನ್ನು ಪೂರ್ತಿ ಮುಗಿಸಿ ಗೆಳೆಯನೊಬ್ಬನಿಗೆ ಆಡಲು ಕೊಟ್ಟು, ಅವನು ಎಲ್ಲಿ ತಬ್ಬಿಬ್ಬಾಗುತ್ತಾನೆಂದು ಬಾಯಿಬಿಡದೆ ಗಮನಿಸಿ. ಬಾಯಿಬಿಡದೆ ಕೂರುವುದೇ ಕಷ್ಟದ ಭಾಗ. ನೂರು ಕೋಣೆಗಳ ಅರಮನೆಗೆ ಕೈಹಾಕಿ ನಡುವೆ ಬಿಟ್ಟವರ ಸಂಖ್ಯೆ ಈ ಹವ್ಯಾಸದಲ್ಲಿ ಬಹಳ ದೊಡ್ಡದು.

‘ಸ್ಟ್ಯಾನ್ಲಿ’ಯನ್ನು ಹೈಸ್ಕೂಲು ದಾಟಿದವರು ಆಡಬಹುದು. ಕೆಲವು ಅಂತ್ಯಗಳಲ್ಲಿ ಸಾವಿನ ಛಾಯೆ ಇದೆ, ಚಿಕ್ಕವರಿಗೆ ಬೇಡ. ಇಂಗ್ಲಿಷ್ ಮಾತನ್ನು ಕಿವಿಗೊಟ್ಟು ಕೇಳಬೇಕಾಗುತ್ತದೆ, ಅದರಿಂದ ನಷ್ಟವೇನಿಲ್ಲ. ಸಾಧ್ಯವಾದರೆ ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕುಳಿತಿರಲಿ. ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕೆಂಬ ಮಾತು ಮನೆಯಲ್ಲಿ ಬಿಸಿಯಾಗಿರುವ ಮೇ ತಿಂಗಳಾದರೆ ಇನ್ನೂ ಒಳ್ಳೆಯದು.

ಆಟಗಳಲ್ಲಿ ಕಷ್ಟದ ಕೆಲಸ ಸಾಧಿಸಿದವರಿಗೆ ಪದಕದಂಥದ್ದೊಂದು ಸಿಗುವುದು ವಾಡಿಕೆ. 2013ರ ‘ಸ್ಟ್ಯಾನ್ಲಿ’ಯಲ್ಲಿ ‘ಹೊರಗೆ ಹೋಗಿ’ ಎಂಬ ಹೆಸರಿನ ಪದಕವೊಂದಿತ್ತು. ಅದನ್ನು ಪಡೆಯಲು ಈ ಆಟವನ್ನು ಐದು ವರ್ಷ ಮುಟ್ಟಬಾರದು! ತಡೆಯಲಾರದೆ ಕಂಪ್ಯೂಟರಿನ ಗಡಿಯಾರವನ್ನೇ ಮುಂದಕ್ಕೆ ತಿರುಗಿಸಿ ಪದಕ ಹೊಡೆದುಕೊಂಡವರೂ ಇದ್ದಾರೆ. ಹೊಸ ಆವೃತ್ತಿಯಲ್ಲಿ ಗೆಳೆಯರಿಬ್ಬರೂ ಆ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿದರು. 2022ರ ಏಪ್ರಿಲಿನಲ್ಲಿ ಒಮ್ಮೆ ಆಡಿ ಮುಚ್ಚಿಟ್ಟವರು 2032ರ ಏಪ್ರಿಲಿನಲ್ಲಿ ತೆರೆದು ನೋಡಬಹುದು.